ಖೊರೆನ್ ಬಿಗಿ ಮಾಡಿದ ಮುಚ್ಚಳ

ಖೊರೆನ್ ಬಗ್ಗೆ ಒಳ್ಳೆಯ ಮಾತಾಡುವವರು ಅಮೆರಿಕದ ಈ ಗ್ಲೆಂಡೇಲಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ನನ್ನ ಅಗತ್ಯವಿಲ್ಲ. ನಾನು ಹನ್ನೊಂದು ವರ್ಷ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟವನು. ಒಬ್ಬ ಮನುಷ್ಯನನ್ನು ಅಷ್ಟು ಕಾಲ ಬಿಡದೆ ಗಮನಿಸುವ ತಾಳ್ಮೆ ಹೊಟ್ಟೆಕಿಚ್ಚಿನವನಿಗೆ ಮಾತ್ರ ಇರುತ್ತದೆ, ಕಟ್ಟಿಕೊಂಡ ಹೆಂಡತಿಗೂ ಇರುವುದಿಲ್ಲ. ಹಾಗಾಗಿ ಅವನ ಕಥೆಯನ್ನು ನಾನು ಹೇಳುವುದೇ ಸರಿ.

ನಮ್ಮದು ಫ್ರಿಜ್ ರಿಪೇರಿ ಕೆಲಸ. ಎಲ್ಲರ ಮನೆಯಲ್ಲಿರುವ ಸಾದಾ ಫ್ರಿಜ್ಜಲ್ಲ. ಗುಡ್ಡದ ಮೇಲಿನ ದೊಡ್ಡ ಮನೆಗಳಲ್ಲಿ ಅಡುಗೆಮನೆಯ ಗೋಡೆಯೊಳಗೇ ಕೂರಿಸಿದ, ಹೊರಗಿನಿಂದ ನೋಡಿದರೆ ಮರದ ಬೀರು ಅನ್ನಿಸುವ, ಎರಡೆರಡು ಕಂಪ್ರೆಸರ್ ಇರುವ ಫ್ರಿಜ್ಜುಗಳು. ಕೆಟ್ಟಿತೆಂದು ಎಳೆದು ಬಿಸಾಡುವಂತಿಲ್ಲ, ಬಿಸಾಡಿದರೆ ಅಡುಗೆಮನೆಯನ್ನೇ ಹೊಸದಾಗಿ ಮಾಡಿಸಬೇಕು. ಅದಕ್ಕೇ ನಮ್ಮಂಥವರಿಗೆ ಅಲ್ಲಿ ಮರ್ಯಾದೆ. ಅಂಗಡಿ ತಿಕಿನ್ ಅರಾಕ್ಸಿಯದು, ತಿಕಿನ್ ಅಂದರೆ ನಮ್ಮ ಭಾಷೆಯಲ್ಲಿ ಶ್ರೀಮತಿ. ಗಂಡ ತೀರಿಕೊಂಡ ಮೇಲೆ ಫೋನ್ ಎತ್ತುವುದು, ಯಾರನ್ನು ಯಾವ ಮನೆಗೆ ಕಳಿಸಬೇಕೆಂದು ತೀರ್ಮಾನಿಸುವುದು ಎಲ್ಲ ಆಕೆಯೇ. ನಾವು ಆರು ಜನ ಕೆಲಸಗಾರರು, ಆರೂ ಜನ ಅರ್ಮೇನಿಯಾದವರು. ಖೊರೆನ್ ಬರುವ ತನಕ ಅವರಲ್ಲಿ ನಾನು ಮೊದಲನೆಯವನಾಗಿದ್ದೆ.

ಅವನು ಬಂದಾಗ ಐವತ್ತರ ಮನುಷ್ಯ, ಇಂಗ್ಲಿಷ್ ಹತ್ತು ಮಾತೂ ಬಾರದು. ಊರು ಗ್ಯುಮ್ರಿ. ರಾಜಧಾನಿ ಯೆರೆವಾನಿನವನಾದ ನನಗೆ ಗ್ಯುಮ್ರಿಯವರೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸತ್ತವರ ಮನೆಯಲ್ಲೂ ಜೋಕು ಹೇಳುವ ಜನ ಅವರು. ಮೊದಲ ದಿನ ಇಬ್ಬರನ್ನೂ ಒಂದೇ ಮನೆಗೆ ಕಳಿಸಿದರು. ನಾನು ಫ್ರಿಜ್ಜಿನ ಮುಂದೆ ಕೂತು, ಗ್ಯಾಸಿನ ಒತ್ತಡ ನೋಡುವ ಗೇಜುಗಳ ಪೆಟ್ಟಿಗೆ ತೆರೆದೆ. ಹೊಸ ಪೆಟ್ಟಿಗೆ, ನೋಡಲಿ ಎಂದೇ ತೆರೆದದ್ದು.

"ಸೂಜಿ ಹಿಡ್ಕೊಂಡು ಎಲ್ಲಿಗೆ ಹೊರಟ್ರಿ ಡಾಕ್ಟ್ರೇ?" ಎಂದ ಖೊರೆನ್. "ರೋಗಿ ಇನ್ನೂ ಬಾಯೇ ಬಿಟ್ಟಿಲ್ಲ."

ಉದ್ದನೆಯ ಸ್ಕ್ರೂ ಡ್ರೈವರ್ ತೆಗೆದು ಒಂದು ತುದಿಯನ್ನು ಕಂಪ್ರೆಸರಿಗೆ ತಾಗಿಸಿ, ಹಿಡಿಯ ಕಡೆಯನ್ನು ಕಿವಿಗೆ ಒತ್ತಿಕೊಂಡ. ಆಮೇಲೆ ಬಿಸಿ ಕೊಳವೆ, ತಣ್ಣನೆ ಕೊಳವೆ, ಒಂದೊಂದನ್ನೂ ಎರಡು ಬೆರಳಲ್ಲಿ ಮುಟ್ಟಿದ. ಒಳಗಿನ ತಗಡು ಬಿಚ್ಚಿ ಕಾಯಿಲ್ ಮೇಲೆ ಕೂತ ಮಂಜು ನೋಡಿದ. ಕಾಯಿಲ್ ತುಂಬ ಒಂದೇ ಸಮ ಮಂಜಿದ್ದರೆ ಗ್ಯಾಸ್ ತುಂಬಿದೆ ಎಂದರ್ಥ. ಶುರುವಿನಲ್ಲಿ ನಾಲ್ಕು ಬೆರಳಷ್ಟೇ ಇದ್ದರೆ ಗ್ಯಾಸ್ ಸೋರಿದೆ ಎಂದರ್ಥ. ಇದು ನನಗೂ ಗೊತ್ತಿತ್ತು, ಆದರೆ ನಾನು ಅದನ್ನು ಕಡೆಯಲ್ಲಿ ನೋಡುತ್ತಿದ್ದೆ.

"ಗ್ಯಾಸ್ ಭರ್ತಿ ಇದೆ. ಫ್ಯಾನ್ ನಿಂತೋಗಿದೆ, ಅಷ್ಟೇ. ಗೇಜು ಯಾವಾಗ್ಲೂ ಕಡೇಲಿ, ಸೆವಾದ ಜಾನ್. ಗೇಜು ಹಾಕ್ಬೇಕು ಅಂದ್ರೆ ಕೊಳವೆ ಚುಚ್ಬೇಕು. ಚುಚ್ಚಿದ್ಮೇಲೆ ಅದು ಮೊದ್ಲಿನ ಕೊಳವೆ ಅಲ್ಲ."

ಸೆವಾದ ಎಂಬುದು ನನ್ನ ಹೆಸರು, ಜಾನ್ ಎಂದರೆ ನಮ್ಮಲ್ಲಿ ಪ್ರಿಯ ಎಂದರ್ಥ; ಮೊದಲ ದಿನವೇ ಅಷ್ಟು ಸಲಿಗೆ. ಒಂಬತ್ತು ನಿಮಿಷದ ಕೆಲಸ. ಮನೆಯೊಡತಿ ಅವನ ಕೈ ಕುಲುಕಿದಳು. ಪೆಟ್ಟಿಗೆ ಮುಚ್ಚುತ್ತಿದ್ದ ನನ್ನನ್ನು ಯಾರೂ ನೋಡಲಿಲ್ಲ.

ಈ ವಿದ್ಯೆಯನ್ನು ಅವನು ಕಲಿತದ್ದು ಗ್ಯುಮ್ರಿಯ ಮಾಂಸದ ಕಾರ್ಖಾನೆಯ ಶೀತಲ ಕೊಠಡಿಯಲ್ಲಿ. ಅಲ್ಲಿ ಗೇಜುಗಳ ಮುಳ್ಳು ನಿಂತು ಎಷ್ಟೋ ವರ್ಷವಾಗಿತ್ತಂತೆ, ಬದಲಾಯಿಸುವವರಿರಲಿಲ್ಲ. ಹಾಗಾಗಿ ಅವನ ಬೆರಳೇ ಗೇಜು. ಆಮೇಲೆ ಭೂಕಂಪವಾಯಿತು, ಹೆಂಡತಿ ಅದರಲ್ಲಿ ತೀರಿಹೋದಳು. ಮಗಳನ್ನು ಕಟ್ಟಿಕೊಂಡು ಸೋವಿಯತ್ ಒಡೆದ ಮೇಲೆ ಇಡೀ ದೇಶಕ್ಕೇ ಕರೆಂಟಿಲ್ಲದ ಆ ವರ್ಷಗಳನ್ನೂ ಅಲ್ಲೇ ಕಳೆದ. "ಕರೆಂಟೇ ಇಲ್ಲದ ಊರಲ್ಲಿ ಫ್ರಿಜ್ ರಿಪೇರಿಯವ್ನು ನಾನು!" ಎಂದು ನಗುತ್ತಿದ್ದ. "ಇಡೀ ಊರೇ ಫ್ರಿಜ್ಜಾಗಿತ್ತು. ಬಾಗ್ಲು ಹಾಕೋರು ಮಾತ್ರ ಇರ್ಲಿಲ್ಲ." ಕೇಳಿದವರೆಲ್ಲ ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ನಗು ಬರುತ್ತಿತ್ತು, ಆಮೇಲೆ ಯಾಕಾದರೂ ನಕ್ಕೆನೋ ಎಂದು ಸಿಟ್ಟು ಬರುತ್ತಿತ್ತು.

ವರ್ಷ ಕಳೆದಂತೆ ಗುಡ್ಡದ ಮನೆಗಳಿಂದ ಫೋನ್ ಬಂದರೆ "ಆ ಮುದುಕನನ್ನು ಕಳಿಸಿ" ಎನ್ನುವುದು ಶುರುವಾಯಿತು. ಅವರ ತೋಟದ ನಿಂಬೆಹಣ್ಣುಗಳು ಅವನ ವ್ಯಾನಿನಲ್ಲಿ ಇರುತ್ತಿದ್ದವು. ಅದನ್ನಾದರೂ ನುಂಗಿಕೊಂಡೆ. ನನ್ನ ಹೆಂಡತಿ ಗಯಾನೆ, ಪಾಪ ಒಂಟಿ ಮನುಷ್ಯ ಎಂದು ವಾರಕ್ಕೊಮ್ಮೆ ಅವನಿಗೆ ದೊಲ್ಮಾ ಕಟ್ಟಿಕೊಡತೊಡಗಿದಳು. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಮಾಂಸದ ಆ ಡಬ್ಬಿಯನ್ನು ಅವನಿಗೆ ತಲುಪಿಸಬೇಕಾದವನು ನಾನೇ. ಅವನು ನನ್ನ ಎದುರಿಗೇ ಕೂತು, ಬೆರಳು ನೆಕ್ಕುತ್ತ ತಿನ್ನುತ್ತಿದ್ದ.

"ಅವನ ಡಬ್ಬಿಲಿ ಬೆಳ್ಳುಳ್ಳಿ ಮೊಸರು ಬೇರೆ ಇಟ್ಟಿದ್ದೀಯ. ನಂಗೆ ಯಾಕಿಲ್ಲ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ನಿಂಗೆ ಬೆಳ್ಳುಳ್ಳಿ ಆಗಲ್ಲ ಅಂತ ನೀನೇ ತಾನೆ ಹೇಳಿದ್ದು?" ಎಂದಳು ಗಯಾನೆ. "ಇನ್ಮೇಲೆ ಮಾಂಸ ಸುಡೋಕೆ ಕೆಂಡ ತರ್ಬೇಡ. ನಿನ್ನ ಹೊಟ್ಟೆ ಮೇಲಿಟ್ರೆ ಬೇಯುತ್ತೆ."

ಈ ವರ್ಷ ಬೇಸಿಗೆ ಮುಗಿಯುವಾಗ ತಿಕಿನ್ ಅರಾಕ್ಸಿ ಒಂದು ಮಾತು ಹೇಳಿದಳು. ಮಂಡಿನೋವು, ತಂಗಿಯ ಮನೆಗೆ ಹೋಗಿ ಇರುತ್ತಾಳೆ. ಅಂಗಡಿ ನಡೆಸುವ ಹೊಣೆ, ಅದರ ಫೋನು, ಗುಡ್ಡದ ಮನೆಗಳು, ಎಲ್ಲವನ್ನೂ ನಮ್ಮಲ್ಲೊಬ್ಬನಿಗೆ ವಹಿಸುತ್ತಾಳೆ. ಯಾರಿಗೆಂದು ಮೂರು ವಾರ ಕಳೆದು ಭಾನುವಾರದ ಊಟಕ್ಕೆ ಹೇಳುತ್ತಾಳೆ. ಎಲ್ಲರೂ ಖೊರೆನ್ ಕಡೆ ನೋಡಿದರು. ನನಗೆ ಅಂದಿನಿಂದ ಊಟ ರುಚಿಸಲಿಲ್ಲ.

ಆ ಭಾನುವಾರಕ್ಕೆ ಮುಂಚಿನ ಬುಧವಾರ ಮಿಸೆಸ್ ಪ್ರೆಂಟಿಸ್ ಎಂಬ ಹಿರಿಯ ಹೆಂಗಸಿನ ಮನೆಯಿಂದ ಫೋನ್ ಬಂತು. ಫ್ರಿಜ್ ತಣ್ಣಗಾಗುತ್ತಿಲ್ಲ. ಹತ್ತು ದಿನದ ಹಿಂದೆ ಖೊರೆನ್ ಅಲ್ಲಿಗೆ ಹೋಗಿ, ಗ್ಯಾಸ್ ಸರಿಯಿದೆ ಎಂದು ಚೀಟಿ ಬರೆದುಕೊಟ್ಟು ಬಂದಿದ್ದ. ಈಗ ಅವನು ಮಗಳ ಊರಿಗೆ ಹೋಗಿದ್ದರಿಂದ ನನ್ನನ್ನು ಕಳಿಸಿದರು. ಹೋದವನೇ ಒಳಗಿನ ತಗಡು ಬಿಚ್ಚಿದೆ. ಕಾಯಿಲ್ ಮೇಲೆ ನಾಲ್ಕು ಬೆರಳು ಮಂಜು, ಉಳಿದದ್ದೆಲ್ಲ ಒಣಗಿದ ಲೋಹ. ಕಂಪ್ರೆಸರ್ ಕೈಯಿಡಲಾಗದಷ್ಟು ಬಿಸಿಯಾಗಿ ಒಂದೇ ಸಮ ಓಡುತ್ತಿತ್ತು. ಗ್ಯಾಸ್ ಸೋರಿದೆ! ಹನ್ನೊಂದು ವರ್ಷ ನಾನು ಕಾದದ್ದು ಇದಕ್ಕೇ. ಅಲ್ಲೇ ನೆಲದ ಮೇಲೆ ಕೂತು ಫೋನ್ ಮಾಡಿದೆ.

"ತಿಕಿನ್ ಅರಾಕ್ಸಿ, ನಿಮ್ಮ ಖೊರೆನ್ ಗ್ಯಾಸ್ ಸರಿಯಿದೆ ಅಂತ ಬರ್ದಿದ್ನಲ್ಲ, ಹತ್ತು ದಿನದಲ್ಲಿ ಆ ಗ್ಯಾಸ್ ಎಲ್ಲಿಗೆ ಹೋಯ್ತು? ಗ್ಯುಮ್ರಿಗಾ?"

"ಖೊರೆನ್ ಹಾಗೆಲ್ಲ ತಪ್ಪೋನಲ್ಲಪ್ಪ."

"ವಯಸ್ಸಾಯ್ತು, ಪಾಪ. ಬೆರಳಿಗೆ ಮೊದ್ಲಿನ ಸೂಕ್ಷ್ಮ ಇಲ್ಲ. ಏನ್ಮಾಡೋಕಾಗುತ್ತೆ?"

"ಸರಿ, ನೋಡ್ತೀನಿ," ಎಂದು ಆಕೆ ಫೋನ್ ಇಟ್ಟಳು. ಅಷ್ಟು ಸಾಕಾಗಿತ್ತು ನನಗೆ. ಸೋಪಿನ ನೊರೆ ಮಾಡಿಕೊಂಡು, ಶಿಳ್ಳೆ ಹಾಕುತ್ತ ಕೊಳವೆಗಳಿಗೆ ಹಚ್ಚಿಕೊಂಡು ಬಂದೆ. ಕಂಪ್ರೆಸರ್ ಪಕ್ಕದ ಕೊಳವೆಯಲ್ಲಿ ಗುಳ್ಳೆ ಎದ್ದಿತು. ಒರೆಸಿ ನೋಡಿದೆ. ಶಿಳ್ಳೆ ನಿಂತುಹೋಯಿತು.

ಅಲ್ಲಿದ್ದದ್ದು ಒಂದು ಚುಚ್ಚುವ ವಾಲ್ವ್. ಗೇಜು ಹಾಕಲು ಕೊಳವೆಗೆ ಕಚ್ಚಿಸಿ ತೂತು ಮಾಡುವ ಪುಟ್ಟ ಸಾಮಾನು. ಕೆಲಸ ಮುಗಿದ ಮೇಲೆ ಅದನ್ನು ತೆಗೆದು, ತೂತಿಗೆ ಬೆಸುಗೆ ಹಾಕಿ ಬರಬೇಕು. ಸೋಮಾರಿಗಳು ತೆಗೆಯದೆ, ಮೇಲೊಂದು ಮುಚ್ಚಳ ತಿರುಗಿಸಿ ಎದ್ದು ಬರುತ್ತಾರೆ. ನಮ್ಮ ಅಂಗಡಿಯಲ್ಲಿ ಆ ವಾಲ್ವ್ ಬಳಸುವವನು ನಾನೊಬ್ಬನೇ. ಮೂರು ವರ್ಷದ ಹಿಂದೆ ಇದೇ ಮನೆಗೆ ಬಂದಿದ್ದೆ. ಬರೀ ಧೂಳು ಕಟ್ಟಿಕೊಂಡಿದ್ದ ಫ್ರಿಜ್ಜಿಗೆ ಗೇಜು ಹಾಕಿ ನೋಡಿದ್ದೆ. ಮೇಲಿದ್ದ ಹಿತ್ತಾಳೆಯ ಮುಚ್ಚಳ ಮಾತ್ರ ನನ್ನದಲ್ಲ, ಹೊಸದಾಗಿತ್ತು.

"ಅಲ್ಲೇ ಅವ್ರೂ ತುಂಬಾ ಹೊತ್ತು ಕೂತಿದ್ರು, ನಿಮ್ಮ ಹಿರಿಯರು," ಎಂದಳು ಹಿಂದೆ ನಿಂತಿದ್ದ ಮಿಸೆಸ್ ಪ್ರೆಂಟಿಸ್. "ಮೊದ್ಲು ಇದನ್ನ ಯಾರು ನೋಡಿದ್ರು ಅಂತ ಕೇಳಿದ್ರು. ನಿಮ್ಮ ಹೆಸ್ರು ಹೇಳ್ದೆ. ಏನೋ ಬಿಗಿ ಮಾಡಿ, ಎಲ್ಲ ಸರಿಯಿದೆ, ಬೆಚ್ಚಗಾದ್ರೆ ನನ್ನನ್ನೇ ಕರೀರಿ, ಬೇರೆ ಯಾರೂ ಬೇಡ ಅಂದ್ರು. ಅವ್ರಿಲ್ಲ ಅಂತ ನಿಮ್ಮನ್ನ ಕಳಿಸಿದಾರೆ."

ನನಗೆ ಅರ್ಥವಾಯಿತು. ವಾಲ್ವ್ ತೆಗೆಯಬೇಕಾದರೆ ಗ್ಯಾಸ್ ಪೂರ್ತಿ ಇಳಿಸಿ, ಕೊಳವೆ ಕತ್ತರಿಸಿ, ಬೆಸುಗೆ ಹಾಕಿ, ಮತ್ತೆ ತೂಕ ಮಾಡಿ ತುಂಬಬೇಕು. ಯಾಕೆಂದು ಚೀಟಿಯಲ್ಲಿ ಬರೆಯಬೇಕು. ಬರೆದರೆ ಅರಾಕ್ಸಿ ಭಾನುವಾರಕ್ಕೆ ಮೊದಲೇ ನನ್ನನ್ನು ಪಟ್ಟಿಯಿಂದ ಹೊಡೆದುಹಾಕುತ್ತಿದ್ದಳು. ಹಾಗಾಗಬಾರದೆಂದು ಅವನು, ಗೊತ್ತಿದ್ದೂ ಗೊತ್ತಿದ್ದೂ, ಸೋರುವ ವಾಲ್ವಿಗೆ ಮುಚ್ಚಳ ಬಿಗಿದು ಎದ್ದು ಹೋಗಿದ್ದ.

ಸಂಜೆಯ ತನಕ ಕೂತು ಎಲ್ಲವನ್ನೂ ಸರಿಯಾಗಿ ಮಾಡಿದೆ. ಚೀಟಿಯಲ್ಲಿ "ಕೊಳವೆ ಸೋರಿಕೆ, ದುರಸ್ತಿಯಾಗಿದೆ" ಎಂದಷ್ಟೇ ಬರೆದೆ. ಅರಾಕ್ಸಿಗೆ ಮತ್ತೆ ಫೋನ್ ಮಾಡಲಿಲ್ಲ. ಕೃತಜ್ಞತೆ ಬಂತೇ ಎಂದು ಕೇಳಿದರೆ, ಇಲ್ಲ. ಅವನ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂಬುದು ಗೊತ್ತಿತ್ತು, ಅದಕ್ಕೇ ಇನ್ನಷ್ಟು ಉರಿದೆ.

ಭಾನುವಾರ ಅರಾಕ್ಸಿಯ ಹಿತ್ತಲಲ್ಲಿ ಉದ್ದನೆಯ ಮೇಜು, ಕೆಂಡದ ಮೇಲೆ ಮಾಂಸ, ಲವಾಶ್ ರೊಟ್ಟಿ, ಸೊಪ್ಪು. ಅರಾಕ್ಸಿ ಎದ್ದು ನನ್ನ ಹೆಸರು ಹೇಳಿದಳು. ಗಯಾನೆ ನನ್ನ ತೋಳು ಹಿಂಡಿದಳು. ನಮ್ಮಲ್ಲಿ ಗ್ಲಾಸು ಎತ್ತುವ ಮುಂಚೆ ಒಬ್ಬರು ಮಾತಾಡಬೇಕು. ಹೊಗಳಿಸಿಕೊಂಡವನು ಎದ್ದು ಉತ್ತರ ಕೊಡಬೇಕು. ಮೇಜಿನ ಯಜಮಾನಿಕೆ ವಹಿಸಿದವನು ಮಾತನ್ನು ಖೊರೆನ್‌ಗೇ ಕೊಟ್ಟ.

"ಯೆರೆವಾನಿನವ್ರಿಗೆ ಹೊಗಳಿಕೆ ಅಂದ್ರೆ ಹಸಿವು ಜಾಸ್ತಿ, ಅದಕ್ಕೆ ಸ್ವಲ್ಪ ದೊಡ್ಡ ತುತ್ತೇ ಹಾಕ್ತೀನಿ," ಎಂದ ಖೊರೆನ್. ಎಲ್ಲರೂ ನಕ್ಕರು. "ಒಂದು ಮನೇಲಿ ನಾನು ತಪ್ಪಿದೆ, ಈ ವಾರ ಸೆವಾದ ಹಿಡ್ದ. ಮುದುಕನ ಬೆರಳಿಗಿಂತ ಇವನ ಕಣ್ಣು ಚುರುಕು. ಸರಿಯಾದ ಕೈಗೆ ಕೊಟ್ರಿ, ತಿಕಿನ್ ಅರಾಕ್ಸಿ. ಇವನ ಆರೋಗ್ಯಕ್ಕೆ!"

ಸೋತಾಗಲೂ ಇಷ್ಟು ದೊಡ್ಡವನಾಗಿ ನಿಲ್ಲಬೇಕೇ ಈ ಮನುಷ್ಯ? ಗೆದ್ದವನು ನಾನು, ಆದರೂ ನಾನೇ ಚಿಕ್ಕವನು. ಆ ದೊಡ್ಡತನವನ್ನು ಅವನೊಬ್ಬನಿಗೇ ಬಿಡಲು ನನ್ನಿಂದಾಗಲಿಲ್ಲ. ಪ್ರಾಮಾಣಿಕತೆಯಿಂದ ಹೇಳಿದೆ ಎಂದು ಯಾರೂ ತಿಳಿಯಬೇಡಿ, ಹೊಟ್ಟೆಕಿಚ್ಚಿನಿಂದಲೇ ಹೇಳಿದ್ದು.

"ಖೊರೆನ್ ತಪ್ಪಿಲ್ಲ," ಎಂದೆ. "ಸೋರ್ತಿದ್ದದ್ದು ನನ್ನ ವಾಲ್ವ್. ಮೂರು ವರ್ಷದ ಹಿಂದೆ ನಾನು ಚುಚ್ಚಿ ಬಿಟ್ಟು ಬಂದಿದ್ದೆ. ಅವ್ನು ನೋಡ್ದ. ನನ್ನ ಹೆಸ್ರು ಬರಬಾರ್ದು ಅಂತ ಮುಚ್ಚಳ ಬಿಗಿ ಮಾಡಿ ಬಂದ."

ಅರಾಕ್ಸಿ ಅವನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ, ಖೊರೆನ್?" ಎಂದಳು. ಅವನು ತಟ್ಟೆ ನೋಡುತ್ತ ಹೌದೆಂದು ತಲೆಯಾಡಿಸಿದ. ಆಕೆಯ ಕಣ್ಣು ತುಂಬಿತು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಗಯಾನೆಯೂ ಎದ್ದಳು. "ಖೊರೆನ್ ಆರೋಗ್ಯಕ್ಕೆ!" ಎಂದರು. ನಾನು ತಪ್ಪೊಪ್ಪಿಕೊಂಡದ್ದಕ್ಕೆ ಬಂದ ಹೊಗಳಿಕೆಯೂ ಅವನ ಪಾಲಿಗೇ ಹೋಯಿತು.

ಅವನೊಬ್ಬ ಮಾತ್ರ ಗ್ಲಾಸು ಮುಟ್ಟಲಿಲ್ಲ. ಮುಖ ಕಪ್ಪಾಗಿತ್ತು. ಹನ್ನೊಂದು ವರ್ಷದಲ್ಲಿ ಅವನು ಜೋಕಿಲ್ಲದೆ ಆಡಿದ ಮೊದಲ ಮಾತನ್ನು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ.

"ನಲವತ್ತು ವರ್ಷದಲ್ಲಿ ಒಂದೇ ಒಂದು ಕೆಟ್ಟ ಕೆಲ್ಸ ಮಾಡಿದ್ದೆ ಕಣೋ. ಸೋರೋದನ್ನ ಸೋರೋಕೆ ಬಿಟ್ಟು ಬಂದಿದ್ದೆ. ಇವ್ರೆಲ್ಲ ಬೆರಳು ತಪ್ತು ಅಂದ್ಕೊಂಡಿದ್ರೆ ನಡೀತಿತ್ತು, ವಯಸ್ಸಾಯ್ತು ಅನ್ನೋರು. ಈಗ ಗೊತ್ತಿದ್ದೂ ಬಿಟ್ಟೋನು ಅಂತ ನನ್ನನ್ನ ಎಲ್ರ ಮುಂದೆ ನಿಲ್ಲಿಸ್ಬಿಟ್ಯಲ್ಲ."

ಅದನ್ನು ಬೇರೆ ಯಾರೂ ಕೇಳಿಸಿಕೊಳ್ಳಲಿಲ್ಲ, ಕೇಳಿದ್ದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಅವರೆಲ್ಲ ಅವನ ಒಳ್ಳೆಯತನಕ್ಕೆ ಕುಡಿಯುತ್ತಿದ್ದರು. ಅವನ ಕೆಲಸದಲ್ಲಿ ಒಂದೇ ಒಂದು ತಪ್ಪು ಸಿಗಲಿ ಎಂದು ಹನ್ನೊಂದು ವರ್ಷ ಹುಡುಕಿದ್ದೆ. ಕೊನೆಗೂ ಸಿಕ್ಕಿತು, ನಾನೇ ಅದನ್ನು ಊರಿಗೆಲ್ಲ ತೋರಿಸಿದೆ. ಅವನು ಆ ತಪ್ಪು ಮಾಡಿದ್ದು ನನಗೋಸ್ಕರ. ಗ್ಲಾಸನ್ನು ಮೇಜಿನ ಮೇಲಿಟ್ಟೆ, ಕುಡಿಯಲು ಆಗಲಿಲ್ಲ.