ಅತನೂರಿನಲ್ಲಿ ಟಾರಿಗೆ ನೀರು

ಅಫಜಲಪುರಕ್ಕೆ ಹೊರಟಿದ್ದ ನಮ್ಮ ಬಸ್ಸನ್ನು ಅತನೂರಿನಲ್ಲಿ ನಿಲ್ಲಿಸಿದರು. ಗೊಬ್ಬೂರಿನಿಂದ ಅಫಜಲಪುರದವರೆಗೆ ವರ್ಷಕ್ಕೊಮ್ಮೆ ನಡೆಯುವ ಓಟವಂತೆ. ಏಪ್ರಿಲ್ ಬಿಸಿಲಿಗೆ ಟಾರು ಮೆತ್ತಗಾಗಿತ್ತು, ಓಡುವವರೆಲ್ಲ ಬರಿಗಾಲಿನವರು. ಹೆಂಗಸರು ತಂತಮ್ಮ ಮನೆಯೆದುರಿನ ರಸ್ತೆಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು.

ಚಹಾ ಹೇಳಿ, ಅಂಗಡಿಯ ಮಹಬೂಬಬಿಯನ್ನು ಕೇಳಿದೆ: "ಚಳಿಗಾಲದಲ್ಲಿ ಓಡಬಾರದೇ?"

"ಆಗ ಜ್ವಾಳದ ರಾಶಿ ಇರ್ತಾವ್ರಿ. ಓಡವ್ರು ಯಾರು, ನೀರು ಹಾಕವ್ರು ಯಾರು? ಬಿಸಲಿಗೆ ಅಂಜಿದ್ರ ನಾವು ಇಲ್ಲಿ ಇರ್ತಿದ್ದಿಲ್ರಿ."

ಓಟಗಾರರ ಗುಂಪು ದಾಟಿತು. ನೋಡನೋಡುತ್ತ ರಸ್ತೆ ಒಣಗಿತು. ಆಗ ಬಂದ, ಬಹಳ ಹಿಂದೆ ಉಳಿದಿದ್ದ ಗೊಬ್ಬೂರಿನವನೊಬ್ಬ, ಕಾಲು ಊರಲಾಗದೆ ಕುಂಟುತ್ತ. ಮಹಬೂಬಬಿ ಒಲೆ ಪಕ್ಕದ ಕೊಡವನ್ನೆತ್ತಿಕೊಂಡು ಓಡಿದಳು. ಬೇವಿನ ಮರದ ನೆರಳು ಸಿಗುವವರೆಗೂ ಅವನ ಮುಂದೆ ಮುಂದೆ ನೀರು ಚೆಲ್ಲುತ್ತ ಹೋದಳು.

ಏದುಸಿರು ಬಿಡುತ್ತ ಮರಳಿದಾಗಲೂ ಆಕೆ ತಲೆ ಎತ್ತಿಯೇ ಇದ್ದಳು. "ಅತನೂರಾಗ ಕಾಲು ಸುಟ್ವು ಅಂತ ಅಂವ ಊರಿಗೆ ಹೋಗಿ ಹೇಳಬಾರ್ದು ನೋಡ್ರಿ."

"ನನ್ನ ಚಹಾ?"

ಖಾಲಿ ಕೊಡವನ್ನು ಬೋರಲು ಹಾಕಿ ನಕ್ಕಳು. "ಅದು ಅವನ ಕಾಲಿಗೆ ಹೋತ್ರಿ. ನೀವು ಬಸ್ ಹತ್ರಿ."