ಗಾಳಿ ಸೋರುವ ಸದ್ದು

ನಮ್ಮ ಭಾವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಅಕ್ಕನ ಪಕ್ಷ ವಹಿಸಿದೆ ಎಂದು ಯಾರೂ ದೂರಬಾರದು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ಮದುವೆಯಾದ ಹೊಸದರಲ್ಲೇ ಅಕ್ಕನಿಗೆ 'ಗೊಣಗಬೇಡ, ಬಾಯಿ ಬಿಟ್ಟು ಮಾತಾಡು' ಎಂದು ಶುರುಮಾಡಿದ. ಓಣಿಯ ಆ ತುದಿಯಿಂದ ಕರೆದರೆ ಈ ತುದಿಗೆ ಕೇಳಿಸುವಂಥ ದನಿ ಅವಳದು. ಆದರೂ ಪಾಪದವಳು, ತನ್ನ ಗಂಟಲಲ್ಲೇ ದೋಷವಿದೆಯೆಂದು ನಂಬಿದಳು. ಜೇನು, ಶುಂಠಿ, ಉಪ್ಪುನೀರು, ಡಾಕ್ಟರು, ಎಲ್ಲ ಆಯಿತು. ಕೊನೆಗೆ ಮಾತನ್ನೇ ಬಿಟ್ಟಳು. ಏನು ಕೇಳಿದರೂ ತಲೆಯಾಡಿಸುತ್ತಿದ್ದಳು, ಅಷ್ಟೇ. ನನ್ನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೆ. ನನಗೆ ನನ್ನ ಅಕ್ಕನ ದನಿ ವಾಪಸ್ಸು ಬೇಕಿತ್ತು.

ನನ್ನ ಗ್ರಹಚಾರಕ್ಕೆ ಭಾವನೂ ನಾನೂ ಒಂದೇ ಕಾರ್ಖಾನೆಯಲ್ಲಿದ್ದೇವೆ. ತೆಳು ಅಲ್ಯೂಮಿನಿಯಂ ಹಾಳೆ ಕೊರೆದು ಪೆಟ್ಟಿಗೆಗಳಿಗೆ ಮುಚ್ಚಳ ಮಾಡುವ ಜಾಗ. ಅವನು ಮಷೀನಿನ ಮೇಲೆ, ನಾನು ಅವನ ಬೆನ್ನ ಹಿಂದಿನ ಮೇಜಿನಲ್ಲಿ ಅಂಚು ಉಜ್ಜುವವಳು. ಅಂಥ ಹಾಳೆಯನ್ನು ಕ್ಲಾಂಪು ಹಾಕಿ ಬಿಗಿದರೆ ನಡು ಉಬ್ಬುತ್ತದೆ. ಅದಕ್ಕೇ ವ್ಯಾಕ್ಯೂಮ್ ಟೇಬಲ್ಲು. ಅದರ ಮೈತುಂಬ ಚೌಕಚೌಕ ಗೀರು. ಬೇಕಾದ ಗೀರಿನಲ್ಲಿ ರಬ್ಬರ್ ಹುರಿ ಕೂರಿಸಿ, ಮೇಲೆ ಹಾಳೆ ಇಟ್ಟು ಪಂಪು ಹಾಕಿದರೆ ಅಡಿಯ ಗಾಳಿ ಹೊರಹೋಗಿ ಹಾಳೆ ಟೇಬಲ್ಲಿಗೆ ಕಚ್ಚಿಕೊಳ್ಳುತ್ತದೆ. ಹುರಿಯ ಕೆಳಗೆ ಲೋಹದ ಒಂದು ಚೂರು ಸಿಕ್ಕಿಕೊಂಡರೂ ಸಾಕು, ಗಾಳಿ ಸೋರಿ ಸುಸ್ ಎನ್ನುತ್ತದೆ. ಉಳಿದ ಆಪರೇಟರುಗಳೆಲ್ಲ ಬಗ್ಗಿ ಆ ಸದ್ದಿಗೆ ಕಿವಿಗೊಡುತ್ತಾರೆ. ಭಾವ ಮಾತ್ರ ಹಿಡಿತ ಎಷ್ಟಿದೆಯೆಂದು ತೋರಿಸುವ ಮೀಟರಿನ ಮುಳ್ಳು ನೋಡುತ್ತಿದ್ದ. 'ಟೇಬಲ್ಲು ಹಾಡು ಹೇಳತ್ತಾ, ಕಿವಿ ಇಟ್ಟು ಕೇಳೋಕೆ?' ಎಂದು ಅವರನ್ನು ಆಡಿಕೊಳ್ಳುತ್ತಿದ್ದ.

ಹೋದ ವಾರ ಆ ಮುಳ್ಳು ಕೈಕೊಟ್ಟಿತು. ಹಿಂದಿನ ಹಾಳೆ ತೆಗೆದ ಮೇಲೂ ಕೆಳಗಿಳಿಯದೆ ಮೇಲೇ ಸಿಕ್ಕಿಕೊಂಡಿತ್ತು. ಹೊಸ ಹಾಳೆಯ ಮೂಲೆಯಲ್ಲಿ ಹಾವು ಬುಸುಗುಟ್ಟಿದ ಹಾಗೆ ಗಾಳಿ ಸೋರುತ್ತಿತ್ತು. 'ಭಾವ, ನಿಲ್ಸಿ, ಸೋರ್ತಿದೆ' ಎಂದು ಹಿಂದಿನಿಂದ ಕೂಗಿದೆ. ಮತ್ತೂ ಕೂಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕಟರ್ ತಾಗಿದ್ದೇ ತಡ, ಹಾಳೆ ಮೇಲೆದ್ದು ನನ್ನ ತೋಳು ಸೀಳಿಕೊಂಡು ಹೋಗಿ ಗೋಡೆಗೆ ಬಡಿಯಿತು.

'ಸೋರ್ತಿದ್ರೆ ಹೇಳೋಕೆ ನಿನ್ನ ಬಾಯಿ ಬಿದ್ದುಹೋಗಿತ್ತಾ?' ಎಂದು ನನ್ನ ಮೇಲೇ ಎಗರಿದ.

ನಾನು ತೋಳು ಹಿಡಿದುಕೊಂಡು ಅವನನ್ನೇ ನೋಡಿದೆ. ಮಷೀನು ನಿಂತಿತ್ತು, ಪಂಪೂ ನಿಂತಿತ್ತು. ಅವನು ಆ ಕಡೆ ತಿರುಗಿದಾಗ ಮಾಮೂಲಿ ದನಿಯಲ್ಲಿ 'ಕತ್ತೆ' ಎಂದೆ. ಪಕ್ಕದ ಮಷೀನಿನವನು ಕಿಸಕ್ಕೆಂದು ನಕ್ಕ. ಭಾವ ತಿರುಗಲಿಲ್ಲ. ಮಷೀನುಗಳ ಗದ್ದಲಕ್ಕೆ ನಮ್ಮಲ್ಲಿ ಎಲ್ಲರೂ ಮುಖಕ್ಕೆ ಮುಖ ಕೊಟ್ಟು ಕಿರುಚುವವರೇ, ಹಾಗಾಗಿ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ.

ಎದುರಿಗೆ ಹೋಗಿ ನಿಂತೆ. 'ಭಾವ, ನಿಮಗೆ ಕಿವಿ ಕೇಳಲ್ಲ.'

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಮುಖ ಬಿಳಿಚಿಕೊಂಡಿತು. 'ಬಾಯಿ ಮುಚ್ಕೊಂಡಿರು. ಮಾಲೀಕನಿಗೆ ಗೊತ್ತಾದ್ರೆ ಮಷೀನಿಂದ ಇಳಿಸ್ತಾನೆ.'

'ಯಾವಾಗಿಂದ?'

'ತಗಡು ಬಡಿಯೋ ಪ್ರೆಸ್ಸಿನ ಹತ್ರ ಕೆಲಸ ಮಾಡ್ತಿದ್ದಾಗಲೇ, ಆ ಸದ್ದಿಗೆ ಹೋಯ್ತು. ಮದುವೆಗೆ ಮುಂಚೆ.'

ಅಯ್ಯೋ ಪಾಪ ಎನ್ನಬೇಕಿತ್ತೇನೋ. ನನಗೆ ಅನ್ನಿಸಲಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಈ ಮಹಾರಾಯ ತನ್ನ ಕಿವಿಯ ದೋಷವನ್ನು ಅಕ್ಕನ ಗಂಟಲಿಗೆ ಕಟ್ಟಿ, ಅವಳು ಶುಂಠಿ ಜಗಿಯುವುದನ್ನು ನೋಡಿಕೊಂಡು ಸುಮ್ಮನಿದ್ದ. ಕಿವುಡಾಗಿದ್ದಕ್ಕೆ ಯಾರೂ ಬೈಯುವುದಿಲ್ಲ. ಸುಮ್ಮನಿದ್ದದ್ದನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಸಂಜೆ ಅವರ ಮನೆಗೆ ಹೋದೆ. ಭಾವ ಅಡುಗೆಮನೆಗೆ ಬೆನ್ನು ಮಾಡಿ ಊಟಕ್ಕೆ ಕೂತಿದ್ದ. ಅಕ್ಕ ನನ್ನ ತೋಳಿನ ಪಟ್ಟಿ ಮುಟ್ಟಿ, ಏನಾಯಿತೆಂದು ಹುಬ್ಬಿನಲ್ಲೇ ಕೇಳಿದಳು. ದನಿ ತಗ್ಗಿಸದೆ ಎಲ್ಲವನ್ನೂ ಹೇಳಿದೆ. ಭಾವ ತುತ್ತಿನ ಮೇಲೆ ತುತ್ತು ಹಾಕುತ್ತಲೇ ಇದ್ದ. ಅಕ್ಕ ಬಹಳ ಹೊತ್ತು ಅವನ ಬೆನ್ನನ್ನೇ ನೋಡಿದಳು.

'ಹಾಗಾದ್ರೆ ನನ್ನ ದನಿ ಸರಿಯಾಗೇ ಇತ್ತಾ?' ಎಂದಳು.

ನೀರು ಕೇಳಲು ಭಾವ ಆಗಲೇ ತಿರುಗಿದ. ಅವಳ ತುಟಿ ಅಲ್ಲಾಡಿದ್ದು ಕಂಡಿರಬೇಕು. 'ಏನದು ಗೊಣಗೋದು?' ಎಂದು ಗದರಿದ.

ಅಕ್ಕ ಎರಡನೆಯ ಸಲ ಹೇಳಲಿಲ್ಲ. ನನ್ನ ಕಡೆ ತಿರುಗಿ ಕೂತು, ಇಷ್ಟು ವರ್ಷದ್ದನ್ನೆಲ್ಲ ಒಂದೊಂದಾಗಿ ಮಾತಾಡತೊಡಗಿದಳು. ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.