ಆಲಪ್ಪುಳದ ಹೊಲಿದ ದೋಣಿ

ಮೇ ತಿಂಗಳ ನಡುವೆ ಆಲಪ್ಪುಳ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆಗೇ ಬಟ್ಟೆ ಬೆನ್ನಿಗೆ ಅಂಟಿತ್ತು. ಹಿಂದಿನ ದಿನ ಉಡುಪಿಯಲ್ಲಿ ರೈಲು ಹತ್ತಿದವರು ನಾವಿಬ್ಬರು: ಕಾಪುವಿನ ಶಾಲೆಯಲ್ಲಿ ಪಾಠ ಮಾಡುವ ನಾನು, ಉಚ್ಚಿಲದ ಕಡಲ ದಂಡೆಯಲ್ಲಿ ನಲವತ್ತು ವರ್ಷ ಮರದ ದೋಣಿ ಕಟ್ಟಿದ ನನ್ನ ಅಪ್ಪ. ಬಲಗೈ ನಡುಗಲು ಶುರುವಾದ ಮೇಲೆ ಅಪ್ಪ ಉಳಿ ಮುಟ್ಟಿರಲಿಲ್ಲ. ದಂಡೆಯ ಕಡೆ ಹೋಗುವುದನ್ನೂ ಬಿಟ್ಟಿದ್ದರು. ಬೇಸಿಗೆ ರಜೆಯಲ್ಲಿ ಕಾಲುವೆಗಳ ಊರು ನೋಡೋಣವೆಂದು ನಾನೇ ಹಟ ಹಿಡಿದು ಹೊರಡಿಸಿದ್ದೆ.

"ಈ ಸೆಕೆಯಲ್ಲಿ ಎಂತ ನೋಡ್ಲಿಕ್ಕುಂಟು ಮಗಳೇ?" ಎಂದು ರೈಲಿನಲ್ಲೂ ಎರಡು ಸಲ ಕೇಳಿದ್ದರು.

ನೋಡಲು ಬೇಕಾದಷ್ಟಿತ್ತು. ಊರ ನಡುವೆ ಎರಡು ಕಾಲುವೆಗಳು ನೇರವಾಗಿ ಹರಿದು ದೊಡ್ಡ ಹಿನ್ನೀರಿಗೆ ಸೇರುತ್ತವೆ. ದಡದಲ್ಲಿ ಒಂದು ಕಾಲದಲ್ಲಿ ತೆಂಗಿನ ನಾರು, ಕರಿಮೆಣಸು ತುಂಬಿಡುತ್ತಿದ್ದ ಹಳೆಯ ಹೆಂಚಿನ ಉಗ್ರಾಣಗಳು. ಬಸ್ ನಿಲ್ದಾಣದ ಪಕ್ಕದಲ್ಲೇ ದೋಣಿ ನಿಲ್ದಾಣ. ಕಚೇರಿಗೆ ಹೋಗುವವರು ಬುತ್ತಿ ಹಿಡಿದು ದೋಣಿಯಿಂದ ಇಳಿದು ಬಿರುಸಾಗಿ ನಡೆಯುತ್ತಿದ್ದರು. ಸರಕಾರಿ ದೋಣಿಯ ಟಿಕೆಟು ನಮ್ಮ ಸಿಟಿ ಬಸ್ಸಿಗಿಂತ ದುಬಾರಿಯಲ್ಲ. ಮಧ್ಯಾಹ್ನ ಊಟಕ್ಕೆ ನಮ್ಮದೇ ಕುಚ್ಚಲಕ್ಕಿ ಅನ್ನ, ಹುಳಿ ಮುಂದಾದ ಕೆಂಪು ಮೀನುಸಾರು, ಆ ಉರಿಯಲ್ಲೂ ಕುಡಿಯಲು ಬಿಸಿನೀರು! ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಊಟದ ಬಳಿಕ ಕಾಲುವೆಯ ದಡದಲ್ಲಿ ನೆರಳು ಹುಡುಕುತ್ತಾ ಊರ ಹೊರಗಿನವರೆಗೆ ನಡೆದೆವು. ಅಲ್ಲೊಂದು ಚಪ್ಪರದ ಕೆಳಗೆ ದೊಡ್ಡ ದೋಣಿ ಏಳುತ್ತಿತ್ತು. ಅದಕ್ಕೆ ಒಂದೇ ಒಂದು ಮೊಳೆ ಇರಲಿಲ್ಲ. ಹಲಗೆಗಳ ಅಂಚಿಗೆ ತೂತು ಕೊರೆದು, ನಡುವೆ ನಾರು ತುಂಬಿ, ಹಗ್ಗದಲ್ಲಿ ಹೊಲಿಯುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ಮಲ್ಪೆಯ ಬಂದರಿನಲ್ಲಿ ಕೇರಳದವರೊಡನೆ ದುಡಿದಿದ್ದರಿಂದ ಅವರಿಗೆ ಹರಕುಮುರುಕು ಮಲಯಾಳಂ ಬರುತ್ತಿತ್ತು.

ಒಂದೊಂದೇ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದವರು ಎಡಗಡೆಯ ಮೂರನೆಯದರ ಬಳಿ ನಿಂತರು. ಮತ್ತೊಮ್ಮೆ ತಟ್ಟಿದರು.

"ಇದು ಬೇಡ. ಒಳಗೆ ಹುಳ ತಿಂದಿದೆ," ಎಂದರು.

ಕೆಲಸಗಾರರು ನಕ್ಕರು. ನನಗೆ ನಾಚಿಕೆಯಾಯಿತು. ಪರ ಊರಿನಲ್ಲಿ ಇದೆಂಥ ಅಧಿಕಪ್ರಸಂಗ! "ಬನ್ನಿ ಅಪ್ಪಾ," ಎಂದು ಕೈ ಹಿಡಿದೆ. ಆದರೆ ಮುಖ್ಯ ಮೇಸ್ತ್ರಿ ವಾಸು ಎಂಬ ಹಿರಿಯರು ನಗಲಿಲ್ಲ. ದಬ್ಬಳ ತಂದು ಹಲಗೆಗೆ ಚುಚ್ಚಿದರು. ಅದು ಹಿಡಿಯವರೆಗೆ ಇಳಿಯಿತು. ಹೊರಗೆ ಎಳೆದಾಗ ಹಿಟ್ಟಿನಂಥ ಪುಡಿ ಸುರಿಯಿತು.

"ಚೇಟ್ಟಾ," ಎಂದು ಅಪ್ಪನನ್ನು ಅಣ್ಣನ ಸ್ಥಾನದಲ್ಲಿ ಕರೆದು ವಾಸು ಕೇಳಿದರು, "ಹೊಸ ಹಲಗೆ ಕೂರಿಸಲು ನಾಳೆ ಬರುತ್ತೀರಾ?"

ಅಪ್ಪ ತಮ್ಮ ಬಲಗೈ ಚಾಚಿ ತೋರಿಸಿದರು. ಅದು ನಡುಗುತ್ತಿತ್ತು. ವಾಸು ಎರಡು ಬೆರಳಿಲ್ಲದ ತಮ್ಮ ಎಡಗೈಯನ್ನು ಅದರ ಪಕ್ಕಕ್ಕೆ ಹಿಡಿದರು.

"ಗುರುತು ಹಾಕಲು ನಿಮ್ಮ ಕಣ್ಣು ಸಾಕು. ಹಗ್ಗ ಎಳೆಯಲು ಮೈಭಾರ ಸಾಕು."

ಮುಂದಿನ ಎರಡು ದಿನ ನಾನೊಬ್ಬಳೇ ಕೊಡೆ ಹಿಡಿದು ಊರು ಸುತ್ತಿದೆ. ದೀಪಸ್ತಂಭ ಹತ್ತಿದೆ, ಹಿಂದೆ ಹಡಗಿನ ಸರಕು ಇಳಿಸುತ್ತಿದ್ದ, ಈಗ ಕಡಲಿನೊಳಗೆ ಮುರಿದು ನಿಂತ ಸೇತುವೆಯ ಕಂಬಗಳನ್ನು ನೋಡಿದೆ. ಸಂಜೆ ಚಪ್ಪರಕ್ಕೆ ಹೋದಾಗ ಅಪ್ಪ ಹಗ್ಗವನ್ನು ಸೊಂಟಕ್ಕೆ ಸುತ್ತಿ ಹಿಂದಕ್ಕೆ ವಾಲಿ ಎಳೆಯುತ್ತಿದ್ದರು. ಮೈಯೆಲ್ಲ ಬೆವರು, ತಲೆಯಲ್ಲಿ ನಾರು. "ಇನ್ನು ಸ್ವಲ್ಪ ಉಂಟು, ಕೂತ್ಕೋ," ಎಂದರು ನನ್ನ ಕಡೆ ನೋಡದೆಯೇ. ನಾನು ಮರದ ದಿಮ್ಮಿಯ ಮೇಲೆ ಕೂತು ಅತ್ತುಬಿಟ್ಟೆ. ಸದ್ಯ, ಯಾರೂ ಗಮನಿಸಲಿಲ್ಲ.

ಹೊರಡುವ ದಿನ ಮಂಗಳೂರಿನ ರೈಲು ಹಿಡಿಯಲು ಕೊಟ್ಟಾಯಂಗೆ ದೋಣಿಯಲ್ಲೇ ಹೋದೆವು. ಚಪ್ಪರ ಕಾಣುತ್ತಲೇ ಅಪ್ಪ ಎದ್ದು ನಿಂತರು. ಹೊಸ ಹಲಗೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಕಂಡಕ್ಟರ್ ಕುಳಿತುಕೊಳ್ಳಲು ಹೇಳಿದರೂ ಅಪ್ಪ ಕುಳಿತುಕೊಳ್ಳಲಿಲ್ಲ. ಪಕ್ಕದಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿಗೆ ತಮ್ಮ ಹರಕು ಮಲಯಾಳದಲ್ಲಿ, "ಅಲ್ಲಿ ಎಡಗಡೆ, ಮೂರನೇ ಹಲಗೆ, ಅದು ನಾನು ಕೂರಿಸಿದ್ದು," ಎಂದರು.

ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು, ತಿರುವಿನಲ್ಲಿ ಚಪ್ಪರ ಮರೆಯಾಗುವವರೆಗೂ ನೋಡಿದಳು.